ಸೂಜಿಗಲ್ಲು, ತುಕ್ಕು ಮತ್ತು ಮದ್ದು

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಶಿಕ್ಷಕರು ಹಾಗೂ ಆಶಾ ಕಾರ್ಯಕರ್ತೆಯರ ಎದುರು ಮಾಡಿದ ಭಾಷಣದ ಬರಹರೂಪ)



ನಮ್ಮ ಭಾಗದ ಯಾವುದೇ ಹಳ್ಳದ ಒಣ ಮರಳಿನಲ್ಲಿ ಒಂದು ಸೂಜಿಗಲ್ಲನ್ನು ಆಡಿಸಿದರೆ ಕರಿಯ ಪುಡಿಯೊಂದು ಗಡ್ಡದಂತೆ ಅದಕ್ಕೆ ಮೆತ್ತಿಕೊಳ್ಳುತ್ತದೆ. ಮಕ್ಕಳು ಅದನ್ನು ಕಬ್ಬಿಣದ ಪುಡಿ ಎನ್ನುತ್ತಾರೆ. ನಿಜವಾಗಿ ಅದು ಕಬ್ಬಿಣವೂ ಆಮ್ಲಜನಕವೂ ಕೂಡಿದ ಮ್ಯಾಗ್ನೆಟೈಟ್ ಎಂಬ ಖನಿಜ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದ ಲಾವಾರಸ ಕಲ್ಲಾಯಿತು. ಆ ಕಲ್ಲು ಸವೆದು ಡೋಣಿ ಸಾಲಿನ ಎರೆಭೂಮಿಯಾಯಿತು. ಕಲ್ಲಿನೊಳಗಿದ್ದ ಮ್ಯಾಗ್ನೆಟೈಟ್ ಕಾಳುಗಳು ಮರಳಿನಲ್ಲಿ ಉಳಿದವು. ನಮಗೆ ಜೋಳ ಕೊಡುವ ಮಣ್ಣಿಗೂ ಈ ಕರಿಪುಡಿಗೂ ತಾಯಿಗಲ್ಲು ಒಂದೇ.

ಇದೇ ವಸ್ತುವನ್ನು ಇಂದು ಪ್ರಯೋಗಾಲಯದಲ್ಲಿ ಅತಿ ಸೂಕ್ಷ್ಮ ಕಣಗಳಾಗಿ ತಯಾರಿಸಿ ವೈದ್ಯರು ಬಳಸುತ್ತಿದ್ದಾರೆ. ಅದು ನಮಗೇಕೆ ಬೇಕು ಎಂದು ನೀವು ಕೇಳಬಹುದು. ನಿಮ್ಮ ಓಣಿಯಲ್ಲಿ ‘ರಕ್ತ ಕಡಿಮೆ’ ಇರುವ ಹೆಣ್ಣುಮಕ್ಕಳು ಎಷ್ಟು ಜನ ಎಂಬುದು ನಿಮಗೇ ಗೊತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಇಂಥ ಕಡೆ ಕಬ್ಬಿಣದ ಹೆಸರಿನಲ್ಲಿ, ಕಾಂತದ ಹೆಸರಿನಲ್ಲಿ, ಈಚೆಗೆ ‘ನ್ಯಾನೋ’ ಹೆಸರಿನಲ್ಲಿ ಏನನ್ನಾದರೂ ಮಾರಬಹುದು. ಯಾವುದು ಮದ್ದು, ಯಾವುದು ಮೋಸ ಎಂದು ತೂಗಿ ನೋಡುವ ತಕ್ಕಡಿ ನಮ್ಮ ಕೈಯಲ್ಲಿರಬೇಕು.

ಕಬ್ಬಿಣ ಮತ್ತು ಕಾಂತ ನಮ್ಮ ವೈದ್ಯಕ್ಕೆ ಹೊಸವಲ್ಲ. ಮೈಯಲ್ಲಿ ನಾಟಿದ ಕಬ್ಬಿಣದ ಚೂರನ್ನು ಅಯಸ್ಕಾಂತದಿಂದ ಹೊರಗೆಳೆಯುವ ವಿಚಾರ ಸುಶ್ರುತಸಂಹಿತೆಯಲ್ಲಿದೆ. 1879ರಲ್ಲಿ ಜರ್ಮನಿಯ ನೇತ್ರವೈದ್ಯ ಹಿರ್ಶ್‌ಬರ್ಗ್ ವಿದ್ಯುತ್ಕಾಂತದಿಂದ ಕಣ್ಣೊಳಗಿನ ಕಬ್ಬಿಣದ ಚೂರನ್ನು ತೆಗೆದ. ಪಾಂಡುರೋಗಕ್ಕೆ ಆಯುರ್ವೇದದವರು ಲೋಹಭಸ್ಮ, ಮಂಡೂರಭಸ್ಮ ಕೊಡುತ್ತಾರೆ. ಮಂಡೂರವೆಂದರೆ ಕಬ್ಬಿಣದ ಕಿಟ್ಟ. ಅದನ್ನು ಮತ್ತೆ ಮತ್ತೆ ಪುಟವಿಟ್ಟು ಸುಟ್ಟು, ಬೆರಳ ಗೆರೆಗಳಲ್ಲಿ ತುಂಬುವಷ್ಟು, ನೀರ ಮೇಲೆ ತೇಲುವಷ್ಟು ನುಣುಪು ಮಾಡಬೇಕೆಂಬುದು ಹಳೆಯ ಪರೀಕ್ಷೆ. ಕಣದ ಗಾತ್ರ ಮುಖ್ಯ ಎಂಬುದನ್ನು ಆ ವೈದ್ಯರು ಕಂಡುಕೊಂಡಿದ್ದರು. ಹಾಗೆಂದು ಭಸ್ಮವೂ ಇಂದಿನ ಕಾಂತಕಣವೂ ಒಂದೇ ಎನ್ನಲಾಗದು. ಭಸ್ಮದಲ್ಲಿ ಹೆಚ್ಚಾಗಿರುವುದು ಕಾಂತಕ್ಕೆ ಅಷ್ಟಾಗಿ ಮಣಿಯದ ಕೆಂಪು ಆಕ್ಸೈಡು; ಕಣಗಳ ಗಾತ್ರವೂ ಒಂದೇ ಸಮ ಇರುವುದಿಲ್ಲ. ಅದನ್ನು ನುಂಗುತ್ತಾರೆ. ಕಾಂತಕಣ ಹೋಗುವುದು ನೇರವಾಗಿ ರಕ್ತಕ್ಕೆ.

ಹಾಗಾದರೆ ಈ ಕಣ ಎಷ್ಟು ಸಣ್ಣದು? ಹತ್ತು ನ್ಯಾನೋಮೀಟರಿನ ಕಣಗಳನ್ನು ಒಂದು ಜೋಳದ ಕಾಳಿನ ಅಡ್ಡಗಲಕ್ಕೆ ಸಾಲಾಗಿ ಇಟ್ಟರೆ ಸುಮಾರು ನಾಲ್ಕು ಲಕ್ಷ ಬೇಕು. ಇಷ್ಟು ಸಣ್ಣದಾದಾಗ ಅದಕ್ಕೆ ಒಂದು ವಿಚಿತ್ರ ಗುಣ ಬರುತ್ತದೆ. ಜಾತ್ರೆಯಲ್ಲಿ ತೇರಿನ ಮಿಣಿ ಹಿಡಿದ ಜನ ಕೂಗು ಎದ್ದಾಗ ಒಂದೇ ದಿಕ್ಕಿಗೆ ಜಗ್ಗುತ್ತಾರೆ, ತೇರು ನಿಂತೊಡನೆ ಚದುರುತ್ತಾರೆ. ಈ ಕಣಗಳೂ ಹಾಗೆಯೇ. ಸೂಜಿಗಲ್ಲು ಹತ್ತಿರವಿದ್ದಾಗ ಒಟ್ಟಾಗಿ ಸೆಳೆಯಲ್ಪಡುತ್ತವೆ, ದೂರವಾದೊಡನೆ ತಮ್ಮ ಕಾಂತಗುಣ ಮರೆತು ಬಿಡಿಬಿಡಿಯಾಗುತ್ತವೆ. ಇದರ ತತ್ವವನ್ನು ಫ್ರಾನ್ಸಿನ ಲೂಯಿ ನೀಲ್ 1949ರಲ್ಲಿ ವಿವರಿಸಿದರು. ಕಾಂತತ್ವದ ಸಂಶೋಧನೆಗಾಗಿ 1970ರಲ್ಲಿ ಅವರಿಗೆ ನೊಬೆಲ್ ಬಂತು. ಮರೆಯುವ ಗುಣ ಇಲ್ಲದಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ರಕ್ತನಾಳವನ್ನೇ ಮುಚ್ಚಿಯಾವು. ಅದಕ್ಕಾಗಿಯೇ ಪ್ರತಿ ಕಣಕ್ಕೂ ಸಕ್ಕರೆಯ ಜಾತಿಯ ಒಂದು ಹೊದಿಕೆಯನ್ನೂ ಹೊದಿಸುತ್ತಾರೆ.

ಮೊದಲ ಉಪಯೋಗ ಎಂಆರ್‌ಐ ಚಿತ್ರದಲ್ಲಿ. ರಕ್ತಕ್ಕೆ ಸೇರಿದ ಕಣಗಳನ್ನು ಯಕೃತ್ತಿನ ಕಾವಲು ಜೀವಕೋಶಗಳು ನುಂಗುತ್ತವೆ. ಆ ಜಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಗಡ್ಡೆಯಲ್ಲಿ ಅಂಥ ಕಾವಲುಗಾರರು ಇರುವುದು ಅಪರೂಪ. ಆದ್ದರಿಂದ ಅದು ಬೆಳ್ಳಗೆ ಎದ್ದು ಕಾಣುತ್ತದೆ. ಎರಡನೆಯದು ಪರೀಕ್ಷೆಯಲ್ಲಿ. 2020ರಲ್ಲಿ ಮೂಗಿನಿಂದ ತೆಗೆದ ದ್ರವದಲ್ಲಿ ಕೊರೊನಾ ಹುಡುಕುವಾಗ ಅನೇಕ ಪ್ರಯೋಗಾಲಯಗಳು ಕಾಂತಮಣಿಗಳನ್ನೇ ಬಳಸಿದವು. ವೈರಾಣುವಿನ ಆರ್‌ಎನ್‌ಎ ಮಣಿಗೆ ಅಂಟಿಕೊಳ್ಳುತ್ತದೆ, ಕಾಂತ ಮಣಿಯನ್ನು ಹಿಡಿದಿಡುತ್ತದೆ, ಉಳಿದ ಕೊಳೆಯನ್ನು ತೊಳೆದುಬಿಡಬಹುದು.

ಮೂರನೆಯದು ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ. ರೋಗ ಮೊದಲು ಹರಡುವ ಕಂಕುಳಿನ ಗ್ರಂಥಿ ಯಾವುದೆಂದು ಹುಡುಕಲು ವಿಕಿರಣದ ವಸ್ತು ಚುಚ್ಚುವುದು ರೂಢಿ. ಅದಕ್ಕೆ ಬೇಕಾದ ಸೌಲಭ್ಯ ದೊಡ್ಡ ನಗರಗಳಲ್ಲೇ ಹೆಚ್ಚು. ಬದಲಿಗೆ ಕಾಂತಕಣ ಚುಚ್ಚಿ ಕೈಯಲ್ಲಿ ಹಿಡಿಯುವ ಸಾಧನದಿಂದ ಗ್ರಂಥಿ ಹುಡುಕುವ ವಿಧಾನಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಚಿಕಿತ್ಸೆಗೆಂದು ಸೊಲ್ಲಾಪುರಕ್ಕೋ ಮಿರಜಿಗೋ ಬಸ್ಸು ಹತ್ತುವ ನಮ್ಮಂಥವರಿಗೆ ಇಂಥ ಸರಳ ವಿಧಾನದ ಬೆಲೆ ತಿಳಿಯುತ್ತದೆ.

ನಾಲ್ಕನೆಯದು ಕಾವು. ಬೇಗ ಬೇಗ ದಿಕ್ಕು ಬದಲಿಸುವ ಕಾಂತಕ್ಷೇತ್ರದಲ್ಲಿ ಈ ಕಣಗಳು ಬಿಸಿಯಾಗುತ್ತವೆ. ಈ ಬಿಸಿಯಿಂದ ಕ್ಯಾನ್ಸರ್ ಸುಡುವ ಯೋಚನೆ 1957ರಷ್ಟು ಹಳೆಯದು. ಮೆದುಳಿನ ಗಡ್ಡೆಗೆ ಈ ಚಿಕಿತ್ಸೆಯನ್ನು 2010ರಲ್ಲಿ ಯುರೋಪಿನಲ್ಲಿ ಒಪ್ಪಿದರು. ಆದರೆ ಗಡ್ಡೆಯಲ್ಲಿ ಉಳಿದ ಕಬ್ಬಿಣ ಮುಂದಿನ ಎಂಆರ್‌ಐ ಚಿತ್ರವನ್ನು ಕೆಡಿಸುತ್ತದೆ.

ಇನ್ನು ಮಿತಿಗಳು. ಔಷಧಿ ಹೊತ್ತ ಕಣವನ್ನು ಹೊರಗಿನ ಕಾಂತದಿಂದ ಗಡ್ಡೆಗೆ ಎಳೆಯುವ ಪ್ರಯೋಗವನ್ನು ಜರ್ಮನಿಯಲ್ಲಿ 14 ರೋಗಿಗಳ ಮೇಲೆ ಮಾಡಿ 1996ರಲ್ಲಿ ಪ್ರಕಟಿಸಿದರು. ಎಲ್ಲರಲ್ಲೂ ಅದು ಗುರಿ ಮುಟ್ಟಲಿಲ್ಲ. ಕಾಂತದ ಸೆಳೆತ ಆಳಕ್ಕೆ ಹೋದಂತೆ ಬೇಗನೆ ಕುಗ್ಗುತ್ತದೆ. ಮೂತ್ರಪಿಂಡ ಕೆಟ್ಟವರ ರಕ್ತಹೀನತೆಗೆ ಅಮೆರಿಕ 2009ರಲ್ಲಿ ಒಪ್ಪಿದ ಫೆರುಮಾಕ್ಸಿಟಾಲ್ ನಿಜವಾದ ಕಾಂತಕಣದ ಔಷಧಿ. ಕೆಲವರು ತೀವ್ರ ಅಲರ್ಜಿಯಿಂದ ಸತ್ತದ್ದರಿಂದ 2015ರಲ್ಲಿ ಅದಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿದರು. ಮದ್ದೆಂದ ಮೇಲೆ ಅಪಾಯವೂ ಇರುತ್ತದೆ. ಅದನ್ನು ಎಣಿಸಿ ಹೇಳುವವರು ಇರಬೇಕು.

ನಮ್ಮ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಏರಿಸುವ ಐರನ್ ಸುಕ್ರೋಸ್ ಬಾಟಲಿ ನೀವು ಬಲ್ಲಿರಿ. ಅದೂ ಈ ಕುಲದ್ದೇ: ಕೆಲವೇ ನ್ಯಾನೋಮೀಟರಿನ ಕಬ್ಬಿಣದ ತಿರುಳಿಗೆ ಸಕ್ಕರೆಯ ಹೊದಿಕೆ. ಅದು ಸೂಜಿಗಲ್ಲಿಗೆ ಅಂಟುವುದಿಲ್ಲ, ಅಂಟಬೇಕಾಗಿಯೂ ಇಲ್ಲ. ಹೊದಿಕೆ ನಿಧಾನವಾಗಿ ಬಿಚ್ಚಿ ಕಬ್ಬಿಣ ರಕ್ತಕ್ಕೆ ಒದಗಿದರೆ ಸಾಕು. ಮಾತ್ರೆ ಮೇಲೋ, ಒಮ್ಮೆ ಏರಿಸುವ ಇಂಥ ಬಾಟಲಿ ಮೇಲೋ ಎಂದು ತಿಳಿಯಲು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರೂ ಸೇರಿ 2021ರಲ್ಲಿ ಒಂದು ದೊಡ್ಡ ಪರೀಕ್ಷೆ ಆರಂಭಿಸಿದರು. ಕರ್ನಾಟಕ ಮತ್ತು ರಾಜಸ್ಥಾನದ 4,320 ಬಸುರಿಯರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ ಹೋಲಿಸುವ ಯೋಜನೆ ಅದು. ಹೋಲಿಸಿ ನೋಡದೆ ಯಾವ ಮದ್ದನ್ನೂ ಮೇಲೆನ್ನಬಾರದು ಎಂಬುದಕ್ಕೆ ನಮ್ಮ ನೆರೆಯಲ್ಲೇ ಇರುವ ಉದಾಹರಣೆ ಇದು.

ಕಾಂತದ ಬಳೆ, ಕಾಂತದ ಹಾಸಿಗೆ ರಕ್ತವನ್ನು ‘ಎಳೆದು ಓಡಿಸುತ್ತದೆ’ ಎನ್ನುವವರಿಗೆ ಒಂದು ಉತ್ತರ ನಿಮ್ಮಲ್ಲಿರಲಿ. ಎಂಆರ್‌ಐ ಯಂತ್ರದ ಕಾಂತ ಭೂಮಿಯ ಕಾಂತಕ್ಕಿಂತ ಸುಮಾರು 30,000 ಪಟ್ಟು ಬಲವುಳ್ಳದ್ದು. ಅದರೊಳಗೆ ಮಲಗಿದವರ ರಕ್ತ ಒಂದು ಪಕ್ಕಕ್ಕೆ ಓಡುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣದ ಅಣುಗಳು ಒಂಟಿಒಂಟಿಯಾಗಿವೆ. ತೇರು ಎಳೆಯಲು ಗುಂಪು ಬೇಕು.

ಆದ್ದರಿಂದ ಯಾರಾದರೂ ಹೊಸ ಮದ್ದು ತಂದಾಗ ಮೂರು ಪ್ರಶ್ನೆ ಕೇಳಿರಿ. ಇದರೊಳಗೆ ಏನಿದೆ? ಯಾರ ಮೇಲೆ, ಎಷ್ಟು ಜನರ ಮೇಲೆ ಪರೀಕ್ಷಿಸಿದ್ದಾರೆ? ಮೈಗೆ ಒಗ್ಗದಿದ್ದರೆ ಪಕ್ಕದಲ್ಲಿ ವೈದ್ಯರು ಇರುತ್ತಾರೆಯೇ? ಉತ್ತರ ಸಿಗದಿದ್ದರೆ ಮುಟ್ಟಬೇಡಿ. ಆಶಾ ಅಕ್ಕಂದಿರು ಮನೆಗೆ ತಂದು ಕೊಡುವ ಕಬ್ಬಿಣದ ಮಾತ್ರೆಯ ವಿಷಯದಲ್ಲಿ ಈ ಮೂರಕ್ಕೂ ಉತ್ತರವಿದೆ. ಅದನ್ನು ನುಂಗಿದರೆ ಮಲ ಕಪ್ಪಾಗುವುದು ಸಹಜ, ಹೆದರಬೇಕಿಲ್ಲ. ಚಹಾದ ಜೊತೆ ಬೇಡ; ಲಿಂಬೆರಸದ ಜೊತೆ ಆದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಇಷ್ಟನ್ನು ಮನೆಮನೆಗೆ ಮುಟ್ಟಿಸುವ ಕೆಲಸ ನಿಮ್ಮದು.