“ಅಲ್ಲ, ನಿಜವಾಗಿ ಯಾವ ಊರು?” — ನೆದರ್ಲೆಂಡ್ಸ್‌ನಲ್ಲಿ ಬಿಳಿ ರೂಢಿ, ಬಿಳಿ ಸವಲತ್ತು



ಗಡಿನಾಡ ಬಂಧುಗಳು ಸೇರುವ ಸಭೆಯಲ್ಲಿ ಸಾಮಾನ್ಯವಾಗಿ ಶಾಲೆ, ನೇಮಕಾತಿ, ಬೋರ್ಡು, ಅರ್ಜಿ ನಮೂನೆ, ಇಂಥ ವಿಷಯಗಳೇ ಬರ್ತವೆ. ಇವತ್ತು ಯುರೋಪಿನ ಒಂದು ಸಣ್ಣ ದೇಶದ ಬಗ್ಗೆ ಮಾತಾಡಿ ಅಂತ ನಮ್ಮನ್ನು ಕೇಳಿದ್ದೀರಿ. ನಾವು ಅಂದ್ರೆ ಕಾಸರಗೋಡು, ಹೊಸೂರು, ಅಕ್ಕಲಕೋಟೆ ಕಡೆಯಿಂದ ಕೆಲಸಕ್ಕೆ ಅಂತ ಹೋಗಿ ನೆದರ್ಲೆಂಡ್ಸ್‌ನಲ್ಲಿ ನೆಲೆ ನಿಂತ ಕೆಲವು ಮನೆಯವರು. ಅಲ್ಲಿನ ಬದುಕು ಹೇಗಿದೆ, ಕಾಲುವೆ ಹೇಗಿದೆ, ಸೈಕಲ್ ಎಷ್ಟಿದೆ ಅನ್ನೋದು ನಿಮಗೆ ಗೊತ್ತೇ ಇದೆ. ಅದನ್ನು ಬಿಡೋಣ. ಆ ದೇಶದಲ್ಲಿ ಯಾರನ್ನು “ನಮ್ಮವರು” ಅಂತಾರೆ, ಯಾರನ್ನು ಅನ್ನೋದಿಲ್ಲ, ಅದನ್ನು ತೀರ್ಮಾನ ಮಾಡೋದು ಯಾರು? ಅಷ್ಟನ್ನೇ ಹೇಳ್ತೇವೆ.

ನಮ್ಮ ಮಕ್ಕಳಿಗೆ ಅಲ್ಲಿ ಆಗಾಗ ಎದುರಾಗುವ ಒಂದು ಪ್ರಶ್ನೆ ಉಂಟು. “ನಿನ್ನ ಊರು ಯಾವುದು?” ಮಗು “ಐಂಡ್‌ಹೋವನ್” ಅನ್ನುತ್ತದೆ. ಹುಟ್ಟಿದ್ದು ಅಲ್ಲೇ, ಮಾತಾಡೋದು ಅಲ್ಲಿನ ಡಚ್ಚೇ. ತಕ್ಷಣ ಎರಡನೇ ಪ್ರಶ್ನೆ: “ಅಲ್ಲ, ನಿಜವಾಗಿ ಯಾವ ಊರು?” ಕೇಳುವವರಲ್ಲಿ ದ್ವೇಷ ಇರೋದಿಲ್ಲ, ಕುತೂಹಲ ಅಷ್ಟೇ. ಆದರೆ ಅದೇ ತರಗತಿಯಲ್ಲಿ ಜರ್ಮನಿಯಿಂದ ಹೋದ ವರ್ಷ ಬಂದ ಬಿಳಿ ಮಗುವಿಗೆ ಈ ಎರಡನೇ ಪ್ರಶ್ನೆ ಬರೋದಿಲ್ಲ. ಸವಲತ್ತು ಅಂತ ನಾವು ಹೇಳ್ತಿರೋದು ಇದನ್ನು. ಬಿಳಿ ಡಚ್ಚರೆಲ್ಲ ಶ್ರೀಮಂತರು ಅಂತಲ್ಲ. ಅಲ್ಲೂ ಬಡವರಿದ್ದಾರೆ, ಕೆಲಸ ಕಳಕೊಂಡವರಿದ್ದಾರೆ. ಆದರೆ ಅವರು ಆ ನೆಲಕ್ಕೆ ಸೇರಿದವರು ಅಂತ ದಿನಾ ಸಾಬೀತು ಮಾಡಬೇಕಾಗಿಲ್ಲ.

ಮೊದಲು ಎರಡು ಶಬ್ದ ನೋಡೋಣ. “ಆಟೊಖ್ತೋನ್”, “ಅಲ್ಲೊಖ್ತೋನ್”. ಗ್ರೀಕ್ ಮೂಲದವು. ಮೊದಲನೆಯದಕ್ಕೆ ಈ ಮಣ್ಣಿನವನು ಅಂತ ಅರ್ಥ, ಎರಡನೆಯದಕ್ಕೆ ಬೇರೆ ಮಣ್ಣಿನವನು ಅಂತ. 1971ರಲ್ಲಿ ಸಮಾಜಶಾಸ್ತ್ರಜ್ಞೆ ಹಿಲ್ಡಾ ಫೆರ್ವೇ-ಯೊಂಕರ್ ಅವರು ಸಂಪಾದಿಸಿದ ಒಂದು ವರದಿಯ ಮೂಲಕ “ಅಲ್ಲೊಖ್ತೋನ್” ಚಾಲ್ತಿಗೆ ಬಂತು. ಆಗ ಅದೊಂದು ಸೌಮ್ಯವಾದ ಶಬ್ದ, ಯಾರನ್ನೂ ನೋಯಿಸಬಾರದು ಅಂತಲೇ ಆರಿಸಿದ್ದು. ಆಮೇಲೆ ಸರ್ಕಾರದ ಅಂಕಿಅಂಶ ಇಲಾಖೆ ಅದಕ್ಕೊಂದು ವ್ಯಾಖ್ಯೆ ಕೊಟ್ಟಿತು: ತಂದೆ ತಾಯಿಯರಲ್ಲಿ ಒಬ್ಬರಾದರೂ ಹೊರದೇಶದಲ್ಲಿ ಹುಟ್ಟಿದ್ದರೆ ಅವರು ಅಲ್ಲೊಖ್ತೋನ್. ಅಂದ್ರೆ ನೆದರ್ಲೆಂಡ್ಸ್‌ನಲ್ಲೇ ಹುಟ್ಟಿ ಬೆಳೆದ ಮಗುವೂ ಬೇರೆ ಮಣ್ಣಿನದು.

ಇಷ್ಟಕ್ಕೇ ನಿಲ್ಲಲಿಲ್ಲ. ಅಲ್ಲೊಖ್ತೋನರಲ್ಲಿ “ಪಾಶ್ಚಾತ್ಯ”, “ಪಾಶ್ಚಾತ್ಯೇತರ” ಅಂತ ಎರಡು ಭಾಗ ಮಾಡಿದರು. ಟರ್ಕಿ, ಆಫ್ರಿಕಾ, ಲ್ಯಾಟಿನ್ ಅಮೆರಿಕ, ಏಷ್ಯಾ ಎಲ್ಲ ಪಾಶ್ಚಾತ್ಯೇತರ. ಆದರೆ ಏಷ್ಯಾದ ಜಪಾನ್ ಮತ್ತು ಇಂಡೋನೇಷ್ಯಾ ಮಾತ್ರ ಪಾಶ್ಚಾತ್ಯ! ಯಾಕಂದ್ರೆ ಜಪಾನಿನವರು ಕಂಪನಿ ಕೆಲಸಕ್ಕೆ ಬರುವವರು. ಇಂಡೋನೇಷ್ಯಾದಿಂದ ಬಂದವರಲ್ಲಿ ಹೆಚ್ಚಿನವರು ಹಳೆಯ ಡಚ್ ವಸಾಹತಿನಲ್ಲಿ ಹುಟ್ಟಿದವರು. ಹಾಗಾದ್ರೆ ಆ ವಿಂಗಡಣೆ ಭೂಗೋಳದ್ದಲ್ಲ ಅಂತಾಯ್ತಲ್ವಾ? ಯಾರು ನಮ್ಮ ಹಾಗಿದ್ದಾರೆ, ಯಾರು ಇಲ್ಲ ಅನ್ನೋ ಲೆಕ್ಕ ಅದು.

ಇದರ ತಮಾಷೆ ಏನಂದ್ರೆ, ಈಗಿನ ರಾಣಿ ಮಾಕ್ಸಿಮಾ ಹುಟ್ಟಿದ್ದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಇಲಾಖೆಯ ವ್ಯಾಖ್ಯೆ ಪ್ರಕಾರ ಅವರು ಪಾಶ್ಚಾತ್ಯೇತರ ಅಲ್ಲೊಖ್ತೋನ್. ಅವರ ಮಗಳು, ಮುಂದೆ ಪಟ್ಟಕ್ಕೆ ಬರಬೇಕಾದ ರಾಜಕುಮಾರಿ ಅಮಾಲಿಯಾ, ಎರಡನೇ ತಲೆಮಾರಿನ ಅಲ್ಲೊಖ್ತೋನ್. ಆದರೆ ಬಾಯಿಮಾತಿನಲ್ಲಿ ಆ ಶಬ್ದ ಬಂದಾಗ ಯಾರ ಕಣ್ಣ ಮುಂದೆಯೂ ರಾಣಿ ಬರೋದಿಲ್ಲ. ಮೊರೊಕ್ಕೊ ಮೂಲದ ಹುಡುಗ ಬರ್ತಾನೆ, ಟರ್ಕಿ ಮೂಲದ ಹೆಂಗಸು ಬರ್ತಾಳೆ, ಸುರಿನಾಮಿನ ಕರಿಯ ಬರ್ತಾನೆ. 2016ರಲ್ಲಿ ಇಲಾಖೆ ಈ ಎರಡು ಶಬ್ದಗಳನ್ನು ಕೈಬಿಟ್ಟಿತು. ಪಾಶ್ಚಾತ್ಯ, ಪಾಶ್ಚಾತ್ಯೇತರ ಅನ್ನೋ ವಿಂಗಡಣೆ 2022ರಲ್ಲಿ ಹೋಯಿತು. ಕಡತದಿಂದ ಹೋದದ್ದು ನಾಲಗೆಯಿಂದ ಹೋಗೋದಕ್ಕೆ ಇನ್ನೂ ಸಮಯ ಬೇಕು.

ಇನ್ನೊಂದು ಜೋಡಿ ಶಬ್ದ ಇದೆ. ಬಿಳಿಯರು ತಮ್ಮನ್ನು ಹಿಂದಿನಿಂದ ಕರಕೊಂಡದ್ದು “ಬ್ಲಾಂಕ್” ಅಂತ. ಅದರಲ್ಲಿ ಕಲೆಯಿಲ್ಲದ್ದು, ಶುಭ್ರವಾದದ್ದು ಅನ್ನೋ ಧ್ವನಿ ಇದೆ. ಕರಿಯರ ಹೋರಾಟಗಾರರು, ಅದನ್ನು ಬಿಟ್ಟು “ವಿಟ್” ಅನ್ನಿ ಅಂದರು. ವಿಟ್ ಅಂದ್ರೆ ಬರೀ ಬಿಳಿ, ಕಪ್ಪಿನ ಹಾಗೆ ಅದೂ ಒಂದು ಬಣ್ಣ. ಇಷ್ಟು ಸಣ್ಣ ಬದಲಾವಣೆಗೆ ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ಆಯ್ತು. ಯಾಕಂದ್ರೆ ಅಲ್ಲಿಯವರೆಗೆ ಬಣ್ಣ ಇದ್ದದ್ದು ಬೇರೆಯವರಿಗೆ. ತಮಗೂ ಒಂದು ಬಣ್ಣ ಇದೆ, ತಮ್ಮದೂ ಒಂದು ಗುಂಪು ಅಂತ ಒಪ್ಪಿಕೊಳ್ಳೋದು ಸುಲಭ ಅಲ್ಲ.

ಡಚ್ಚರಿಗೆ ಬಹಳ ಪ್ರಿಯವಾದ ಶಬ್ದ “ಖೆವೋನ್”. ಸಾಮಾನ್ಯ, ಸಹಜ ಅಂತ ಅರ್ಥ. ಸಾಮಾನ್ಯರ ಹಾಗೆ ಇರು, ಮೆರೀಬೇಡ ಅನ್ನೋದು ಅವರ ಮನೆಮನೆಯ ಬುದ್ಧಿಮಾತು. ಒಳ್ಳೆಯ ಮಾತೇ. ನಮಗೂ ಅದರಿಂದ ಅನುಕೂಲ ಆಗಿದೆ. ಮೇಲಧಿಕಾರಿಯನ್ನು ಹೆಸರು ಹಿಡಿದು ಕರೀಬಹುದು, ಮಂತ್ರಿ ಸೈಕಲ್ಲಿನಲ್ಲಿ ಹೋಗ್ತಾನೆ. ಆದರೆ ಸಾಮಾನ್ಯ ಅಂದ್ರೆ ಯಾರ ಹಾಗೆ? ತಲೆಗೆ ಬಟ್ಟೆ ಕಟ್ಟಿದರೆ ಸಾಮಾನ್ಯವೋ ಅಲ್ಲವೋ? 2017ರ ಜನವರಿಯಲ್ಲಿ, ಚುನಾವಣೆಗೆ ಮೊದಲು, ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಪತ್ರಿಕೆಗಳಲ್ಲಿ ಪುಟದಗಲ ಬಹಿರಂಗ ಪತ್ರ ಹಾಕಿಸಿದರು. ಸಾಮಾನ್ಯರ ಹಾಗೆ ನಡಕೊಳ್ಳಿ, ಇಲ್ಲಾಂದ್ರೆ ಹೊರಡಿ ಅನ್ನೋದು ಅದರ ಸಾರ. ಬಿಳಿ ಡಚ್ಚನೊಬ್ಬ ರಸ್ತೆಯಲ್ಲಿ ಅಸಭ್ಯವಾಗಿ ನಡಕೊಂಡರೆ ಅವನು ಎಲ್ಲಿಗೆ ಹೊರಡಬೇಕು? ಅವನಿಗೆ ಹೊರಡೋದಕ್ಕೆ ಬೇರೆ ದೇಶವೇ ಇಲ್ಲ. ಹಾಗಾಗಿ ಆ ಪತ್ರ ಯಾರಿಗೆ ಬರೆದದ್ದು ಅಂತ ಓದಿದವರಿಗೆಲ್ಲ ಗೊತ್ತಾಯ್ತು.

ಈಗ ಇತಿಹಾಸಕ್ಕೆ ಬರೋಣ. “ಇವರೆಲ್ಲ ಇಲ್ಲಿಗೆ ಯಾಕೆ ಬಂದರು?” ಅಂತ ಅಲ್ಲಿ ಕೇಳೋದುಂಟು. ಉತ್ತರ ಡಚ್ ಚರಿತ್ರೆಯಲ್ಲೇ ಇದೆ. ಸುರಿನಾಮಿನ ತೋಟಗಳಿಗೆ ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಗುಲಾಮರನ್ನಾಗಿ ದುಡಿಸಿದರು. ಡಚ್ ಕಂಪನಿಯ ಹಡಗುಗಳು ನಮ್ಮ ಮಲಬಾರ್, ಬಂಗಾಳದ ಕರಾವಳಿಯಿಂದಲೂ ಜನರನ್ನು ಕೊಂಡು ಕೇಪಿಗೆ ಸಾಗಿಸಿದವು. 1863ರ ಜುಲೈ 1ಕ್ಕೆ ಸುರಿನಾಮಿನಲ್ಲಿ ಗುಲಾಮಗಿರಿ ರದ್ದಾಯಿತು. ಪರಿಹಾರ ಸಿಕ್ಕಿತು, ಒಬ್ಬ ಗುಲಾಮನಿಗೆ 300 ಗಿಲ್ಡರ್ ಲೆಕ್ಕದಲ್ಲಿ. ಸಿಕ್ಕಿದ್ದು ಯಾರಿಗೆ? ಮಾಲೀಕರಿಗೆ! ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ಸರ್ಕಾರದ ಮೇಲ್ವಿಚಾರಣೆಯಲ್ಲಿ ತೋಟಗಳಲ್ಲೇ ದುಡಿಯಬೇಕಾಯಿತು. ಆ ಹತ್ತು ವರ್ಷ ಮುಗಿದ 1873ರಲ್ಲೇ “ಲಾಲ್ಲಾ ರೂಖ್” ಅನ್ನೋ ಹಡಗು ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ತುಂಬಿಕೊಂಡು ಅಲ್ಲಿಗೆ ಹೋಯಿತು. 1916ರವರೆಗೆ ಸುಮಾರು 34 ಸಾವಿರ ಭಾರತೀಯರು ಹಾಗೆ ಹೋದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಮೊಮ್ಮಕ್ಕಳು, ಮರಿಮಕ್ಕಳಲ್ಲಿ ಬಹಳ ಜನ ನೆದರ್ಲೆಂಡ್ಸ್‌ಗೆ ಬಂದರು. ಇವತ್ತಿಗೂ ಹೇಗ್ ನಗರದಲ್ಲಿ ಅವರ ಸರ್ನಾಮಿ ಮಾತು ಕಿವಿಗೆ ಬೀಳ್ತದೆ. ಟರ್ಕಿಯವರನ್ನು 1964ರಲ್ಲಿ, ಮೊರೊಕ್ಕೊದವರನ್ನು 1969ರಲ್ಲಿ ಒಪ್ಪಂದ ಮಾಡಿಕೊಂಡು ಸರ್ಕಾರವೇ ಕಾರ್ಖಾನೆ ಕೆಲಸಕ್ಕೆ ಕರೆಸಿತು. ಯಾರೂ ದಾರಿ ತಪ್ಪಿ ಬಂದವರಲ್ಲ.

ಇಷ್ಟೆಲ್ಲ ಇದ್ದರೂ ನಾವು ಸಣ್ಣ ದೇಶ, ನ್ಯಾಯವಂತರು, ಸಹಿಷ್ಣುಗಳು, ನಮ್ಮಲ್ಲಿ ಜನಾಂಗಭೇದ ಎಲ್ಲಿದೆ ಅನ್ನೋ ನಂಬಿಕೆ ಅಲ್ಲಿ ಗಟ್ಟಿ. ಸುರಿನಾಮ್ ಮೂಲದ ಪ್ರೊಫೆಸರ್ ಗ್ಲೋರಿಯಾ ವೆಕ್ಕರ್ 2016ರ ತಮ್ಮ ಪುಸ್ತಕದಲ್ಲಿ ಇದಕ್ಕೆ “ಬಿಳಿ ಮುಗ್ಧತೆ” ಅಂತ ಹೆಸರಿಟ್ಟರು. ಅವರಿಗಿಂತ ಬಹಳ ಮೊದಲು, 1984ರಲ್ಲೇ, ಫಿಲೊಮೆನಾ ಎಸೆಡ್ ಕರಿಯ ಹೆಂಗಸರನ್ನು ಮಾತಾಡಿಸಿ “ದಿನನಿತ್ಯದ ಜನಾಂಗಭೇದ”ದ ಬಗ್ಗೆ ಬರೆದಾಗ, ಉತ್ಪ್ರೇಕ್ಷೆ ಅಂತ ಅವರ ಮೇಲೆ ಮುಗಿಬಿದ್ದವರು ಬಹಳ.

ಕಪ್ಪು ಪೀಟನ ವಿಷಯ ಕೇಳಿ. ಡಿಸೆಂಬರ್ 5ರ ಸಿಂಟರ್‌ಕ್ಲಾಸ್ ಹಬ್ಬ ಮಕ್ಕಳಿಗೆ ದೊಡ್ಡ ಸಂಭ್ರಮ. ಬಿಳಿ ಗಡ್ಡದ ಸಂತ, ಅವನ ಜೊತೆ ಕಪ್ಪು ಸೇವಕ. ಬಿಳಿಯರು ಮುಖಕ್ಕೆ ಮಸಿ ಬಳಕೊಂಡು, ತುಟಿಗೆ ಕೆಂಪು ಬಳಕೊಂಡು, ಗುಂಗುರು ಕೂದಲಿನ ಟೋಪಿ ಹಾಕಿ ಕುಣೀತಾರೆ. ಈ ಸೇವಕನನ್ನು ಸಂತನ ಜೊತೆ ಸೇರಿಸಿದ ಮಕ್ಕಳ ಪುಸ್ತಕವನ್ನು ಯಾನ್ ಸ್ಕೆಂಕ್ಮನ್ ಅನ್ನೋ ಮೇಷ್ಟ್ರು ಬರೆದದ್ದು 1850ರಲ್ಲಿ. ಆಗಿನ್ನೂ ಡಚ್ ವಸಾಹತುಗಳಲ್ಲಿ ಗುಲಾಮಗಿರಿ ಜಾರಿಯಲ್ಲಿತ್ತು. ಹಬ್ಬ ಮುಗಿದ ಮೇಲೂ ಕರಿಯ ಮಕ್ಕಳನ್ನು ಶಾಲೆಯಲ್ಲಿ ಪೀಟ್ ಅಂತ ಕರೀತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗೆ. 2011ರಲ್ಲಿ ಕ್ವಿನ್ಸಿ ಗಾರಿಯೊ ಮತ್ತು ಜೆರಿ ಅಫ್ರಿಯೀ ಅನ್ನೋ ಇಬ್ಬರು “ಕಪ್ಪು ಪೀಟ್ ಜನಾಂಗಭೇದ” ಅಂತ ಬರೆದ ಅಂಗಿ ಹಾಕ್ಕೊಂಡು ಡೊರ್ಡ್ರೆಕ್ಟ್ ಊರಿನ ಮೆರವಣಿಗೆಯ ಬದಿಯಲ್ಲಿ ನಿಂತರು. ಪೊಲೀಸರು ಅವರನ್ನು ನೆಲಕ್ಕೆ ಕೆಡವಿ ಬಂಧಿಸಿದರು.

ಈ ಸಭೆಗೆ ಮುಖ್ಯವಾದ ಸಂಗತಿ ನಡೆದದ್ದು 2017ರಲ್ಲಿ, ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ. ಫ್ರೀಸಿಯನ್ನರು ನಮ್ಮ ಹಾಗೇ ಭಾಷಾ ಅಲ್ಪಸಂಖ್ಯಾತರು. 1951ರ ನವೆಂಬರ್ 16ರ ಶುಕ್ರವಾರ, ನ್ಯಾಯಾಲಯದಲ್ಲಿ ತಮ್ಮ ಭಾಷೆ ಆಡುವ ಹಕ್ಕಿಗಾಗಿ ಲೇಉವಾರ್ಡನ್ ಊರಿನಲ್ಲಿ ಸೇರಿದಾಗ ಪೊಲೀಸರು ಲಾಠಿ ಬೀಸಿದರು. ಇವತ್ತಿಗೂ ಅದನ್ನು “ಲಾಠಿ ಶುಕ್ರವಾರ” ಅಂತಲೇ ನೆನೀತಾರೆ. ಅದರ ಫಲವಾಗಿ 1956ರಲ್ಲಿ ಕಾನೂನು ಬಂತು. ಇಂಥ ಹೋರಾಟದ ನೆಲದಲ್ಲಿ, ಡೊಕ್ಕುಮ್ ಊರಿಗೆ ಸಿಂಟರ್‌ಕ್ಲಾಸ್ ಬರುವ ದಿನ, ಶಾಂತಿಯುತ ಪ್ರತಿಭಟನೆಗೆ ಅನುಮತಿ ಪಡೆದು ಬರ್ತಿದ್ದ ಪೀಟ್ ವಿರೋಧಿಗಳ ಬಸ್ಸುಗಳನ್ನು ಸ್ಥಳೀಯರು ಕಾರು ಅಡ್ಡ ಹಾಕಿ ಹೆದ್ದಾರಿಯಲ್ಲೇ ತಡೆದರು. ಮರುವರ್ಷ ಕೆಳ ನ್ಯಾಯಾಲಯ 34 ಮಂದಿ ತಪ್ಪಿತಸ್ಥರು ಅಂದಿತು. ನಮ್ಮ ಹಬ್ಬ, ನಮ್ಮ ಸಂಸ್ಕೃತಿ, ಹೊರಗಿನವರು ಹೇಳೋದು ಬೇಡ ಅನ್ನೋದು ತಡೆದವರ ವಾದ. ಒಂದು ಕಡೆ ಅಲ್ಪಸಂಖ್ಯಾತರಾಗಿ ನೋವು ಉಂಡವರು ಇನ್ನೊಂದು ಕಡೆ ಬಹುಸಂಖ್ಯಾತರಾಗಿ ದಾರಿ ಅಡ್ಡ ಹಾಕಬಹುದು. ಲಾಠಿ ಏಟು ತಿಂದ ನೆನಪು ಇದನ್ನು ತಾನಾಗಿ ತಡೆಯೋದಿಲ್ಲ.

ಭಾಷೆಯ ವಿಷಯದಲ್ಲೂ ಎರಡು ಅಳತೆಗೋಲು ನೋಡಿ. ಯುರೋಪಿನ ಅಲ್ಪಸಂಖ್ಯಾತ ಭಾಷೆಗಳ ಸನ್ನದು ಫ್ರೀಸಿಯನ್ನಿಗೆ ರಕ್ಷಣೆ ಕೊಡುತ್ತದೆ, ವಲಸಿಗರ ಭಾಷೆಗಳನ್ನು ಹೊರಗಿಡುತ್ತದೆ. ಟರ್ಕಿಶ್, ಅರಬ್ಬಿ ಮಾತಾಡುವ ಮಕ್ಕಳಿಗೆ ಶಾಲೆಯಲ್ಲಿ ಸಿಗ್ತಿದ್ದ ತಾಯ್ನುಡಿ ಪಾಠವನ್ನು 2004ರಲ್ಲಿ ನಿಲ್ಲಿಸಿದರು. ಡಚ್ ಕಲಿಯೋದಕ್ಕೆ ಅಡ್ಡಿ ಅಂತ ಕಾರಣ. ಇಂಗ್ಲಿಷ್ ಮನೆಮಾತಿನ ಮಗುವಿಗೆ ಎರಡು ಭಾಷೆ ಬಂದರೆ ಜಾಣ ಮಗು, ಬರ್ಬರ್ ಮನೆಮಾತಿನ ಮಗುವಿಗೆ ಬಂದರೆ ಹಿಂದುಳಿದ ಮಗು!

ರೂಢಿ ಬರೀ ಬಾಯಿಮಾತಲ್ಲಿ ಉಳಿದಿದ್ದರೆ ಸಹಿಸಬಹುದಿತ್ತು. ಅದು ಕಂಪ್ಯೂಟರಿನೊಳಗೂ ಹೋಯಿತು. ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ಮೋಸ ಹುಡುಕುವಾಗ ತೆರಿಗೆ ಇಲಾಖೆ ಅರ್ಜಿದಾರರ ಪೌರತ್ವವನ್ನೂ ಅಪಾಯದ ಗುರುತಾಗಿ ಬಳಸಿತು. 2014ರಲ್ಲೇ ಅಳಿಸಬೇಕಿದ್ದ ಎರಡನೇ ಪೌರತ್ವದ ಮಾಹಿತಿಯನ್ನು ಇಟ್ಟುಕೊಂಡೇ ಇತ್ತು. ಮೊರೊಕ್ಕೊದ ಪೌರತ್ವವನ್ನು ಬಿಡಬೇಕೆಂದರೂ ಆ ದೇಶದವರು ಬಿಡಿಸಿಕೊಡೋದಿಲ್ಲ, ಹುಟ್ಟಿನಿಂದಲೇ ಮಕ್ಕಳಿಗೆ ಅಂಟುತ್ತದೆ. ಒಂದು ಸಹಿ ತಪ್ಪಿದ್ದಕ್ಕೆ ಇಡೀ ಮೊತ್ತ ವಾಪಸ್ ಕಟ್ಟಿ ಅಂದರು. ಹತ್ತಾರು ಸಾವಿರ ಮನೆಗಳು ಸಾಲಕ್ಕೆ ಬಿದ್ದವು, ಕೆಲಸ ಹೋಯಿತು, ಸಂಸಾರ ಒಡೆಯಿತು. ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ಬೇರೆ ಕಡೆ ಇರಿಸಿದರು. 2021ರ ಜನವರಿ 15ರಂದು ರುಟ್ಟೆ ಸರ್ಕಾರ ರಾಜೀನಾಮೆ ಕೊಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಇಲಾಖೆಗೆ 27.5 ಲಕ್ಷ ಯೂರೊ ದಂಡ ಬಿತ್ತು. ತೆರಿಗೆ ಇಲಾಖೆಯಲ್ಲಿ ಸಾಂಸ್ಥಿಕ ಜನಾಂಗಭೇದ ಇತ್ತು ಅಂತ 2022ರಲ್ಲಿ ಸರ್ಕಾರವೇ ಒಪ್ಪಿತು.

ಬದಲಾವಣೆ ಆಗಿಲ್ಲ ಅಂತಲ್ಲ. ಆದದ್ದೆಲ್ಲ ಯಾರೋ ಬೀದಿಗೆ ಇಳಿದದ್ದಕ್ಕೆ, ಕೋರ್ಟಿಗೆ ಹೋದದ್ದಕ್ಕೆ. ಐಂಡ್‌ಹೋವನ್‌ನ ಕೌನ್ಸಿಲರ್ ಆಗಿದ್ದ ಮ್ಪಾಂಝು ಬಮೆಂಗಾ ಅವರನ್ನು 2018ರಲ್ಲಿ ವಿಮಾನ ನಿಲ್ದಾಣದಲ್ಲಿ ತಪಾಸಣೆಗೆ ಬದಿಗೆ ಕರೆದರು. ಅವರು, ಜೊತೆಗೆ ಕೆಲವು ಸಂಘಟನೆಗಳು ಸರ್ಕಾರದ ಮೇಲೆ ದಾವೆ ಹೂಡಿದರು. ಕೆಳಗಿನ ಕೋರ್ಟಿನಲ್ಲಿ ಸೋತರು. 2023ರ ಫೆಬ್ರವರಿಯಲ್ಲಿ ಮೇಲ್ಮನವಿ ಗೆದ್ದರು. ಗಡಿ ತಪಾಸಣೆಗೆ ಮೈಬಣ್ಣವನ್ನು ಆಧಾರ ಮಾಡಬಾರದು ಅಂತ ತೀರ್ಪು ಬಂತು. ಅದೇ ವರ್ಷ ಜುಲೈ 1ಕ್ಕೆ ರಾಜ ವಿಲೆಮ್-ಅಲೆಕ್ಸಾಂಡರ್ ಗುಲಾಮಗಿರಿಗಾಗಿ ಕ್ಷಮೆ ಕೇಳಿದರು.

ಕೊನೆಗೆ ನಮ್ಮ ವಿಷಯ. ಅಲ್ಲಿ ನಮ್ಮನ್ನು “ಎಕ್ಸ್‌ಪಾಟ್” ಅಂತಾರೆ, ಅಲ್ಲೊಖ್ತೋನ್ ಅನ್ನೋದು ಕಡಿಮೆ. ಕಂಪನಿ ವೀಸಾದಲ್ಲಿ ಹೋದ ನಮಗೆ ಸಂಬಳದ ಒಂದು ಭಾಗಕ್ಕೆ ಐದು ವರ್ಷ ತೆರಿಗೆ ವಿನಾಯಿತಿ. ನಮ್ಮ ಗಂಡ ಅಥವಾ ಹೆಂಡತಿ ಡಚ್ ಪರೀಕ್ಷೆ ಬರೆಯದೆ ಬರಬಹುದು. ಆದರೆ ಅಲ್ಲೇ ಹುಟ್ಟಿದ ಮೊರೊಕ್ಕೊ ಮೂಲದ ಹುಡುಗ ಮದುವೆಯಾದರೆ, ಹೆಂಡತಿ ಊರಲ್ಲೇ ಪರೀಕ್ಷೆ ಪಾಸಾಗಿ ಬರಬೇಕು. 2006ರಿಂದ ಇದೇ ನಿಯಮ. ಅಮೆರಿಕ, ಜಪಾನ್, ಆಸ್ಟ್ರೇಲಿಯಾದವರಿಗೆ ಅದೂ ಇಲ್ಲ. ಅಂದ್ರೆ ಏಣಿಯಲ್ಲಿ ನಮಗೆ ನಡುವಿನ ಮೆಟ್ಟಿಲು ಕೊಟ್ಟಿದ್ದಾರೆ. ಅಲ್ಲಿ ನಿಂತು “ನಾವು ಅವರ ಹಾಗಲ್ಲ, ಓದಿದವರು, ತೆರಿಗೆ ಕಟ್ಟುವವರು” ಅಂತ ಮೇಲಿನವರಿಗೆ ಹೇಳೋದು ಬಹಳ ಸುಲಭ. ಆದರೆ ಇಂಥ ಒಳ್ಳೆತನಕ್ಕೆ ಗ್ಯಾರಂಟಿ ಇಲ್ಲ. ಮನೆ ಬಾಡಿಗೆ ಏರಿದಾಗ, ಚುನಾವಣೆ ಬಂದಾಗ ಎಕ್ಸ್‌ಪಾಟ್ ಕೂಡ ಹೊರಗಿನವನೇ ಆಗ್ತಾನೆ. “ನಿಜವಾಗಿ ಯಾವ ಊರು” ಅನ್ನೋ ಪ್ರಶ್ನೆ ನಮ್ಮ ಮಕ್ಕಳಿಗೆ ಬರ್ತಲೇ ಇದೆ.

ಅದಕ್ಕೆ ನಾವು ಕೆಲವು ಕೆಲಸ ಹಿಡಿದಿದ್ದೇವೆ, ಸಣ್ಣವೇ. ಡಚ್ ಚೆನ್ನಾಗಿ ಕಲೀತೇವೆ, ಮನೆಯಲ್ಲಿ ಕನ್ನಡ ಬಿಡೋದಿಲ್ಲ. ಶಾಲೆಯ ಪಾಲಕರ ಸಭೆಯಲ್ಲಿ ಟರ್ಕಿ, ಮೊರೊಕ್ಕೊ, ಸುರಿನಾಮ್ ಮೂಲದವರ ಜೊತೆ ಕೂತು ಮಸಿ ಮುಖದ ಪೀಟ್ ಬೇಡ ಅಂತ ಹೇಳ್ತೇವೆ. ಜುಲೈ 1ರಂದು ಬಿಡುಗಡೆಯ ದಿನ “ಕೆಟಿ ಕೋಟಿ”ಗೆ ಹೋಗ್ತೇವೆ. ಪೌರತ್ವ ಸಿಕ್ಕಿದವರು ಮತ ಹಾಕ್ತೇವೆ; ಇಲ್ಲದವರೂ ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ್ದರೆ ಪುರಸಭೆಗೆ ಮತ ಹಾಕಬಹುದು, ಅದನ್ನು ಎಲ್ಲರಿಗೂ ತಿಳಿಸ್ತೇವೆ.

ನಿಮ್ಮಲ್ಲಿ ಮಕ್ಕಳನ್ನು ಅಲ್ಲಿಗೆ ಕಳಿಸುವವರಿದ್ದೀರಿ. ವೀಸಾ, ಚಳಿ ಅಂಗಿ, ಉಪ್ಪಿನಕಾಯಿ ಜೊತೆಗೆ ಈ ವಿಷಯವನ್ನೂ ಹೇಳಿ ಕಳಿಸಿ. ಪ್ರಶ್ನೆಗಳಿದ್ರೆ ಕೇಳಿ, ಇಲ್ಲೇ ಇದ್ದೇವೆ.