ಮನೆಯ ಕಾರಿನ ಆರೈಕೆ

ಕಾರು ಕೊಳ್ಳುವುದು ಒಂದು ದಿನದ ಸಂಭ್ರಮ. ಅದನ್ನು ಇಟ್ಟುಕೊಳ್ಳುವುದು ಹತ್ತು ಹದಿನೈದು ವರ್ಷಗಳ ಸಂಸಾರ. ಮೊದಲನೆಯದಕ್ಕೆ ಬೇಕಾದುದು ಹಣ. ಅದನ್ನು ಬ್ಯಾಂಕಿನವರು ಸಾಲವಾಗಿಯಾದರೂ ಕೊಟ್ಟಾರು. ಎರಡನೆಯದಕ್ಕೆ ಬೇಕಾದುದು ಗಮನ. ಅದನ್ನು ಯಾರೂ ಸಾಲವಾಗಿ ಕೊಡಲಾರರು. ಬಂಧುಗಳೂ ನೆರೆಹೊರೆಯವರೂ ಕಾರಿನ ವಿಷಯವಾಗಿ ನನ್ನನ್ನು ಆಗಾಗ ಕೇಳುವ ಕೆಲವು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಈ ಗಮನದ ಬಗೆಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಯಂತ್ರಶಾಸ್ತ್ರವನ್ನು ಓದದವರಿಗೂ ತಿಳಿಯುವ, ತಿಳಿದಿರಲೇಬೇಕಾದ ಮಾತುಗಳಿವು.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯುವವರೆಗೆ ನಮ್ಮಲ್ಲಿ ಕಾರೆಂದರೆ ಬಹುಮಟ್ಟಿಗೆ ಅಂಬಾಸಿಡರ್, ಇಲ್ಲವೆ ಪ್ರೀಮಿಯರ್ ಪದ್ಮಿನಿ. ಅವುಗಳ ಯಜಮಾನನಿಗೆ ಬಾನೆಟ್ಟಿನ ಕೆಳಗಿನ ಲೋಕ ಅಪರಿಚಿತವಾಗಿರಲು ಸಾಧ್ಯವೇ ಇರಲಿಲ್ಲ. ಚಳಿಯ ಬೆಳಗಿನಲ್ಲಿ ಚೋಕ್ ಎಳೆಯಬೇಕು. ಪ್ಲಗ್ಗು ಬಿಚ್ಚಿ ಮಸಿ ಉಜ್ಜಬೇಕು. ಘಾಟಿ ಹತ್ತುವ ಮುನ್ನ ರೇಡಿಯೇಟರಿಗೆ ನೀರು ತುಂಬಬೇಕು. ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಇಂದಿನ ಕಾರು ಇಷ್ಟೆಲ್ಲ ಉಪಚಾರ ಬೇಡುವುದಿಲ್ಲ. ಕೀಲಿ ತಿರುಗಿಸಿದೊಡನೆ ಹೊರಡುತ್ತದೆ. ಆದುದರಿಂದಲೇ ಬಾನೆಟ್ಟನ್ನು ಒಮ್ಮೆಯೂ ಎತ್ತದೆ ಐದು ವರ್ಷ ಕಾರು ನಡೆಸಿದವರು ನಮ್ಮ ನಡುವೆ ಇದ್ದಾರೆ. ಯಂತ್ರ ಸುಧಾರಿಸಿದಷ್ಟೂ ಯಜಮಾನನ ಕಣ್ಣು ಮಂದವಾಗುತ್ತ ಬಂದಿದೆ. ನನ್ನ ಚಿಂತೆಯೆಲ್ಲ ಅದರ ಬಗೆಗೇ.

ಕಾರಿನ ಚರಿತ್ರೆ ಆರಂಭವಾದುದು ಇಂಥ ಮಂದದೃಷ್ಟಿಯಿಂದಲ್ಲ. ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ ಪೇಟೆಂಟು ಪಡೆದುದು 1886ರಲ್ಲಿ. ಅದನ್ನು ದೂರದೂರಿಗೆ ಮೊದಲು ಓಡಿಸಿದವಳು ಅವನ ಹೆಂಡತಿ ಬರ್ತಾ. 1888ರ ಆಗಸ್ಟಿನಲ್ಲಿ ಆಕೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮಿನಿಂದ ತನ್ನ ತವರೂರು ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಚುಚ್ಚಿದ್ದ ಪಿನ್ನಿನಿಂದ ಅದನ್ನು ಬಿಡಿಸಿದಳು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದಾಗ ದಾರಿಯಲ್ಲಿದ್ದ ಚಮ್ಮಾರನಿಂದ ಅವುಗಳಿಗೆ ತೊಗಲು ಹೊದಿಸಿದಳು. ಔಷಧದ ಅಂಗಡಿಯಲ್ಲಿ ಇಂಧನ ಕೊಂಡಳು. ತವರಿಗೆ ಹೊರಟ ಹೆಣ್ಣುಮಗಳ ಆ ಪ್ರಯಾಣದಲ್ಲಿ ಕುಟುಂಬ, ಕಾರು, ದುರಸ್ತಿ ಮೂರೂ ಒಟ್ಟಿಗೇ ಇದ್ದವು. ಮಕ್ಕಳನ್ನು ಕೂರಿಸಿಕೊಂಡು ಹೊರಟವಳು ಬ್ರೇಕಿನ ಸ್ಥಿತಿಯನ್ನು ತಾನೇ ಅರಿತಿದ್ದಳೆಂಬುದು ನಾವು ನೆನಪಿಡಬೇಕಾದ ಸಂಗತಿ.

ನಾನು ಕೇಳುವ ಮೊದಲ ಪ್ರಶ್ನೆಯೂ ಇಳಿಜಾರಿನದೇ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ನ್ಯೂಟ್ರಲ್ಲಿಗೆ ಹಾಕಿದರೆ, ಇಲ್ಲವೆ ಎಂಜಿನ್ನನ್ನೇ ಆರಿಸಿದರೆ, ಪೆಟ್ರೋಲು ಉಳಿಯುವುದಲ್ಲವೆ ಎಂದು ಕೇಳುವವರಿದ್ದಾರೆ. ಇದು ಉಳಿತಾಯವೂ ಅಲ್ಲ, ಕ್ಷೇಮವೂ ಅಲ್ಲ. ಇಂದಿನ ಇಂಜೆಕ್ಷನ್ ಎಂಜಿನ್ನಿನಲ್ಲಿ, ಗೇರು ಇರುವಂತೆಯೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಕಾರಿನ ಓಟವೇ ಎಂಜಿನ್ನನ್ನು ತಿರುಗಿಸುತ್ತದೆ. ಇಂಧನ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ನು ಆರದೆ ಉಳಿಯಲು ಪೆಟ್ರೋಲು ಕುಡಿಯುತ್ತಲೇ ಇರಬೇಕು. ಇನ್ನು ಎಂಜಿನ್ನನ್ನು ಆರಿಸಿದರಂತೂ ಒಂದೆರಡು ಸಲ ಒತ್ತಿದ ಮೇಲೆ ಬ್ರೇಕಿನ ಪೆಡಲು ಕಲ್ಲಿನಂತಾಗುತ್ತದೆ, ಸ್ಟಿಯರಿಂಗ್ ಬಿಗಿಯುತ್ತದೆ. ಯಾವ ಗೇರಿನಲ್ಲಿ ಹತ್ತುವೆಯೋ ಅದೇ ಗೇರಿನಲ್ಲಿ ಇಳಿ ಎಂಬುದು ಹಳೆಯ ಚಾಲಕರ ಸೂತ್ರ. ಅದು ಈಗಲೂ ಸರಿ. ಎಂಜಿನ್ನೇ ಕಾರನ್ನು ಹಿಡಿದಿಟ್ಟರೆ ಬ್ರೇಕಿಗೆ ವಿಶ್ರಾಂತಿ. ಉದ್ದಕ್ಕೂ ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾಯುತ್ತದೆ. ಕಾದ ಬ್ರೇಕಿನ ಹಿಡಿತ ಕುಗ್ಗುತ್ತದೆ.

ಇದರ ಜೊತೆಗೇ ಬರುವ ಪ್ರಶ್ನೆ ಬ್ರೇಕ್ ಆಯಿಲಿನದು. ಸೋರದಿದ್ದ ಮೇಲೆ ಅದನ್ನೇಕೆ ಬದಲಿಸಬೇಕು? ಆ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವುಂಟು. ನೀರು ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಘಾಟಿಯ ಮಧ್ಯದಲ್ಲಿ, ಕಾದ ಬ್ರೇಕಿನ ಬಳಿ ಅದು ಕುದಿದು ಆವಿಯಾಯಿತೆನ್ನಿ. ಆವಿಗೆ ಒತ್ತಡವನ್ನು ಚಕ್ರದವರೆಗೆ ಮುಟ್ಟಿಸುವ ಶಕ್ತಿಯಿಲ್ಲ, ಪೆಡಲು ಸುಮ್ಮನೆ ನೆಲಕ್ಕಿಳಿಯುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ವಾಡಿಕೆ. ಕೆಲವು ನೂರು ರೂಪಾಯಿಗಳನ್ನು ಇಲ್ಲಿ ಉಳಿಸುವುದು ಜಾಣತನವಲ್ಲ.

ಟೈರನ್ನು ಯಾವಾಗ ಬದಲಿಸಬೇಕು? ಕಾರು ಎಷ್ಟೇ ದೊಡ್ಡದಾಗಿರಲಿ, ಅದು ನೆಲವನ್ನು ಮುಟ್ಟುವುದು ಒಂದೊಂದು ಅಂಗೈಯಗಲದ ನಾಲ್ಕು ಜಾಗಗಳಲ್ಲಿ ಮಾತ್ರ. ಮನೆಮಂದಿಯೆಲ್ಲರ ಪ್ರಾಣ ಆ ನಾಲ್ಕು ಅಂಗೈಗಳಲ್ಲಿದೆ. ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಮೇಲ್ಮೈ ಸವೆದು ಆ ದಿಣ್ಣೆಗೆ ಸಮನಾದರೆ ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದಿದೆಯೆಂದು ಅರ್ಥ. ಕಾನೂನಿನ ಎಲ್ಲೆಯೂ ಅದೇ. ಆದರೆ ಮಲೆನಾಡಿನ ಮಳೆಗೆ ಅಷ್ಟು ಆಳ ಸಾಲದು. ಗೀರಿನೊಳಗೆ ಹರಿದು ಹೋಗಲಾರದ ನೀರು ಚಕ್ರವನ್ನೇ ನೆಲದಿಂದ ಎತ್ತಿಬಿಡುತ್ತದೆ. ಸವೆಯದೆಯೂ ಟೈರು ಮುದಿಯಾಗುವುದುಂಟು. ಅದರ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: 2319 ಎಂದಿದ್ದರೆ, 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಗಾಳಿಯ ಪ್ರಮಾಣವನ್ನು ಚಾಲಕನ ಬಾಗಿಲಿನ ಬಳಿ ಅಂಟಿಸಿದ ಚೀಟಿಯಲ್ಲಿ ನೋಡಿ, ಟೈರು ತಣ್ಣಗಿರುವಾಗಲೇ ತುಂಬಿಸಬೇಕು. ಸ್ಟೆಪ್ನಿಯನ್ನು ಮರೆಯಬಾರದು. ವರ್ಷಗಟ್ಟಲೆ ಡಿಕ್ಕಿಯಲ್ಲಿ ನಿದ್ರಿಸುವ ಅದಕ್ಕೂ ಗಾಳಿ ಬೇಕು.

ಮನೆಯ ಮುಂದೆ ಸುಮ್ಮನೆ ನಿಂತಿರುವ ಕಾರಿಗೆ ಏನು ಕೆಡುಕು ಎಂದು ಕೇಳುವ ಹಿರಿಯರು ಅನೇಕರು. ಮಕ್ಕಳು ಪರದೇಶದಲ್ಲಿ, ಕಾರು ಅಂಗಳದಲ್ಲಿ, ಮುಸುಕು ಹೊದ್ದುಕೊಂಡು. ಆದರೆ ಓಡುವ ಕಾರಿಗಿಂತ ನಿಂತ ಕಾರಿಗೇ ರೋಗ ಹೆಚ್ಚು. ಬ್ಯಾಟರಿ ತನ್ನಷ್ಟಕ್ಕೆ ಬರಿದಾಗುತ್ತದೆ. ಟೈರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತದೆ. ಬಾನೆಟ್ಟಿನ ಕೆಳಗೆ ಇಲಿ ಸಂಸಾರ ಹೂಡಿ ತಂತಿಗಳನ್ನು ಕಡಿಯುತ್ತದೆ. ಗಣಪನ ವಾಹನಕ್ಕೆ ನಮ್ಮ ವಾಹನವೆಂದರೆ ಏಕೋ ಅಸೂಯೆ! ಇದಕ್ಕೆ ಪರಿಹಾರವೆಂದು ದಿನವೂ ಎರಡು ನಿಮಿಷ ಎಂಜಿನ್ನು ಹಾಕಿ ಆರಿಸುವವರುಂಟು. ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಇಂಧನ ಉರಿದಾಗ ಹುಟ್ಟುವ ನೀರಿನ ಅಂಶ, ಎಂಜಿನ್ನು ಚೆನ್ನಾಗಿ ಕಾಯದಿದ್ದರೆ, ಆಯಿಲಿನಲ್ಲೂ ಹೊಗೆಕೊಳವೆಯಲ್ಲೂ ಉಳಿಯುತ್ತದೆ. ಬ್ಯಾಟರಿಯಿಂದ ತೆಗೆದದ್ದೂ ಮರಳಿ ತುಂಬುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದೇ ಸರಿಯಾದ ಮದ್ದು. ಓಡಿಸುವವರಿಲ್ಲದಿದ್ದರೆ, ನೆನಪಿನ ಕಾರಣಕ್ಕೆ ಇಟ್ಟುಕೊಂಡು ಕೊಳೆಸುವುದಕ್ಕಿಂತ, ಬೇಕಾದವರಿಗೆ ಮಾರಿಬಿಡುವುದು ಲೇಸು.

ಪೆಟ್ರೋಲಿನ ಬಗೆಗೂ ಈಚೆಗೆ ಸಂದೇಹಗಳು ಹೆಚ್ಚಿವೆ. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ದೊರೆತುದು ನಮ್ಮ ಬೆಂಗಳೂರಿನಲ್ಲಿಯೇ. ಎಥನಾಲಿನಲ್ಲಿ ಅಷ್ಟೇ ಅಳತೆಯ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಕಡಮೆ. ಆದುದರಿಂದ ಲೀಟರಿಗೆ ಓಡುವ ದೂರ ಸ್ವಲ್ಪ ಇಳಿದರೆ ಅದು ಮೆಕ್ಯಾನಿಕ್ಕಿನ ತಪ್ಪಲ್ಲ. ಹಳೆಯ ಕಾರುಗಳಲ್ಲಿ ಇಂಧನ ಹರಿಯುವ ರಬ್ಬರು ಕೊಳವೆಗಳನ್ನು ಸರ್ವೀಸಿನ ಸಮಯದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಎಥನಾಲೂ ತೇವವನ್ನು ಹೀರುವಂಥದು. ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸಬಾರದೆಂಬುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಸಾಮಾನ್ಯನು ಮಾಡಬೇಕಾದುದೇನು? ವಾರಕ್ಕೆ ಐದು ನಿಮಿಷ. ಸಮನಾದ ನೆಲದಲ್ಲಿ, ಎಂಜಿನ್ನು ಆರಿಸಿ ಸ್ವಲ್ಪ ಹೊತ್ತಾದ ಮೇಲೆ, ಅಳತೆಯ ಕಡ್ಡಿ ತೆಗೆದು ಆಯಿಲು ಎರಡು ಗುರುತುಗಳ ನಡುವೆ ಇದೆಯೇ ಎಂದು ನೋಡುವುದು. ಆಯಿಲು ಕಪ್ಪಾಯಿತೆಂದು ಗಾಬರಿ ಬೇಡ. ಮಸಿಯನ್ನು ಹಿಡಿದಿಡುವುದು ಅದರ ಕೆಲಸ. ಆದರೆ ಮಟ್ಟ ಇಳಿದಿದ್ದರೆ ತಡಮಾಡಬಾರದು. ಕೂಲೆಂಟಿನ ಮಟ್ಟವನ್ನು ಹೊರಗಿನ ಡಬ್ಬಿಯಲ್ಲೇ ನೋಡಬಹುದು. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆರೆಯಕೂಡದು. ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ. ಕಾರು ನಿಂತ ಜಾಗದಲ್ಲಿ ತೊಟ್ಟಿಕ್ಕಿದ ಕಲೆ ಇದೆಯೇ ಎಂದು ಕಣ್ಣಾಡಿಸಬೇಕು. ಆಯಿಲಿನ ಕೆಂಪು ದೀಪ ಹೊತ್ತಿದರೆ ಮುಂದಿನ ಊರಿನವರೆಗೆ ಹೋಗೋಣವೆನ್ನದೆ ಅಲ್ಲಿಯೇ ಪಕ್ಕಕ್ಕೆ ನಿಲ್ಲಿಸಬೇಕು. ವಿದ್ಯುತ್ ಕಾರು ಇರುವವರಿಗೆ ಎಂಜಿನ್ ಆಯಿಲಿನ ಚಿಂತೆಯಿಲ್ಲ. ಟೈರು, ಬ್ರೇಕುಗಳ ಚಿಂತೆ ಅವರಿಗೂ ತಪ್ಪದು. ಇಷ್ಟರಿಂದ ಯಾರೂ ಮೆಕ್ಯಾನಿಕ್ಕಾಗುವುದಿಲ್ಲ. ಆದರೆ ಮೆಕ್ಯಾನಿಕ್ಕಿನ ಮುಂದೆ ನಿಂತು, ಇಂಥ ದಿನದಿಂದ, ಇಂಥ ತಿರುವಿನಲ್ಲಿ, ಇಂಥ ಸದ್ದು ಎಂದು ಹೇಳಬಲ್ಲವರಾಗುತ್ತೇವೆ. ವೈದ್ಯನಿಗೆ ರೋಗಿಯ ಮಾತು ಎಷ್ಟು ಬೆಲೆಯುಳ್ಳದ್ದೋ ಆತನಿಗೆ ಈ ಮಾತೂ ಅಷ್ಟೆ.

ಆಯುಧಪೂಜೆಯ ದಿನ ನಾವು ಕಾರನ್ನು ತೊಳೆದು, ಅರಿಶಿನ ಕುಂಕುಮವಿಟ್ಟು, ಹಾರ ಹಾಕುತ್ತೇವೆ. ಬಾಳೆಯ ಕಂದು ಕಟ್ಟಿ ಚಾಲಕನ ಕಣ್ಣಿಗೇ ಅಡ್ಡವಾಗಿಸುವವರೂ, ಒಡೆದ ಕುಂಬಳಕಾಯಿಯನ್ನು ರಸ್ತೆಯಲ್ಲೇ ಬಿಟ್ಟು ಹಿಂದೆ ಬರುವ ಬೈಕಿನವನನ್ನು ಬೀಳಿಸುವವರೂ ಇಲ್ಲದಿಲ್ಲ. ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ. ನಮಗೆ ಉಪಕಾರ ಮಾಡುವ ವಸ್ತುವಿನ ಮುಂದೆ ವರ್ಷಕ್ಕೊಮ್ಮೆ ತಲೆಬಾಗುವುದು ಒಳ್ಳೆಯ ಸಂಸ್ಕಾರವೇ. ಚಕ್ರದಡಿಗೆ ನಿಂಬೆಹಣ್ಣು ಇಡಲೆಂದು ಬಾಗಿದವರು ಆ ಚಕ್ರದ ಗೀರುಗಳನ್ನೂ ಒಮ್ಮೆ ನೋಡಲಿ ಎಂಬುದಷ್ಟೇ ನನ್ನ ಬಿನ್ನಹ. 1988ರ ಮೋಟಾರು ವಾಹನಗಳ ಕಾಯಿದೆ ಮೂರನೆಯವರ ಹಾನಿಗಾಗಿ ವಿಮೆಯನ್ನು ಕಡ್ಡಾಯಗೊಳಿಸಿದೆ. ನಮ್ಮ ಕಾರು ಕೆಟ್ಟರೆ ನೋಯುವವರು ನಾವಷ್ಟೇ ಅಲ್ಲವೆಂಬ ತಿಳಿವು ಅದರ ಹಿಂದಿದೆ. ವಿಮೆ ಕೊಡಬಲ್ಲುದು ಪರಿಹಾರವನ್ನು ಮಾತ್ರ. ರಸ್ತೆ ದಾಟುತ್ತಿರುವ ಅಪರಿಚಿತ ಮಗುವನ್ನೂ, ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿರುವ ನಮ್ಮ ಮಗುವನ್ನೂ ಕಾಯುವುದು ವಾರದ ಆ ಐದು ನಿಮಿಷ.