ಒಂದೇ ಬೆನ್ನಿಗೆ ನಾಲ್ಕು ಚೀಟಿ



ಪುಣೆಯ ಈ ಯೆರವಡಾದಿಂದ ವಿಮಾನ ನಗರ, ಖರಾಡಿ ಕಡೆಗೆ ಸಾಲಾಗಿ ಎದ್ದಿರುವ ಕಟ್ಟಡಗಳಿಗೆ ಇಟ್ಟಿಗೆ ಮರಳು ಹೊತ್ತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಗುಳೆ ಬಂದವರೂ ಇದ್ದಾರೆ. ಅಂಥ ಒಬ್ಬ ಹೆಣ್ಣುಮಗಳು ನಾಳೆ, ಇಂದು ಪದವಿ ಪಡೆದ ನಿಮ್ಮ ಮುಂದೆ ಬಂದು ಕೂತಳು ಅಂದುಕೊಳ್ಳಿ. ‘ನಡಾ ಹಿಡದೈತ್ರಿ, ಮಣಕಿನ್ಯಾಗ ಗ್ಯಾಪ್ ಆಗೇತಂತ’ ಅನ್ನುತ್ತಾಳೆ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಒಳಗೆ ಸುರುಳಿ ಸುತ್ತಿಕೊಂಡ ಎಕ್ಸ್‌ರೇ, ಸಾಲ ಮಾಡಿ ತೆಗೆಸಿದ ಎಂಆರ್‌ಐ, ಹಿಂಡಿ ಹಿಂಡಿ ಚಪ್ಪಟೆಯಾದ ಮುಲಾಮಿನ ಟ್ಯೂಬು, ನಾಲ್ಕು ಕಡೆಯ ಚೀಟಿ. ಎಲುಬಿನ ಡಾಕ್ಟರು ಬಗ್ಗಬೇಡ ಅಂದಿದ್ದಾರೆ. ಫಿಸಿಯೋಥೆರಪಿಯವರು ಬಗ್ಗಿ ವ್ಯಾಯಾಮ ಮಾಡು ಅಂದಿದ್ದಾರೆ. ಇನ್ನೊಬ್ಬರು ಮೂರು ಬಣ್ಣದ ಮಾತ್ರೆ ಬರೆದಿದ್ದಾರೆ. ಕೊನೆಯವರು ಇದೆಲ್ಲ ಟೆನ್ಷನ್ನು ಎಂದು ಕಳಿಸಿಬಿಟ್ಟಿದ್ದಾರೆ. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯೇ ಇರಬಹುದು; ಎಲ್ಲರೂ ಸೇರಿ ಅವಳನ್ನು ಹಾಸಿಗೆ ಹಿಡಿಸಿದ್ದಾರೆ. ಮೂರು ತಿಂಗಳು ದಾಟಿದ ನೋವಿನ ಚಿಕಿತ್ಸೆಯಲ್ಲಿ ನಮಗಿರುವ ದೊಡ್ಡ ಕೊರತೆ ಈ ನಾಲ್ವರು ಒಂದು ಮೇಜಿನ ಸುತ್ತ ಕೂರದಿರುವುದು ಎಂಬುದು ನನ್ನ ವಾದ. ಕೂತಾಗ ಅವರು ಇಟ್ಟುಕೊಳ್ಳುವ ಗುರಿಯೂ ನೋವಿನ ಅಂಕ ಇಳಿಸುವುದಕ್ಕಿಂತ ಅವಳನ್ನು ಬದುಕಿಗೆ ಮರಳಿಸುವುದಾಗಿರಬೇಕು.

ಮೊದಲು ಆ ‘ಗ್ಯಾಪ್’, ಅಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಡಿಸ್ಕ್ ಸವೆತದ ವಿಚಾರ. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ಹರೆಯದವರಲ್ಲೇ ಶೇ. 37 ಮಂದಿಯ ಡಿಸ್ಕ್ ಸವೆದಿತ್ತು. ಎಂಬತ್ತರ ಪ್ರಾಯದವರಲ್ಲಿ ಶೇ. 96. ತಲೆ ನರೆಯುವಷ್ಟೇ ಸಹಜವಾದ ಈ ಸವೆತವನ್ನು ತೋರಿಸಿ ‘ನಿನ್ನ ನೋವಿಗೆ ಇದೇ ಕಾರಣ’ ಎಂದರೆ, ಬಗ್ಗಿದರೆ ಬೆನ್ನು ಮುರಿದೀತು ಎಂಬ ಹೆದರಿಕೆಯನ್ನು ಆಕೆಯೊಳಗೆ ನಾವೇ ಬಿತ್ತಿದ ಹಾಗೆ. ಹಾಗೆಂದು ಸ್ಕ್ಯಾನನ್ನು ಕಸದ ಬುಟ್ಟಿಗೆ ಹಾಕಿ ಎನ್ನುತ್ತಿಲ್ಲ. ಬೆನ್ನೆಲುಬಿನ ಕ್ಷಯ ನಮ್ಮಲ್ಲಿನ್ನೂ ಇದೆ; ಗಡ್ಡೆ, ಮೂಳೆಮುರಿತ, ಮೂತ್ರದ ಮೇಲಿನ ಹಿಡಿತ ತಪ್ಪಿಸುವ ನರದ ಒತ್ತಡ, ಇವನ್ನು ಮೊದಲು ಹುಡುಕಲೇಬೇಕು. ಅವ್ಯಾವುವೂ ಇಲ್ಲವೆಂದು ಖಚಿತವಾದ ಮೇಲೂ ನೋವು ಉಳಿದರೆ, ಅದು ಒಂದು ಎಲುಬಿನ ಕತೆಯಾಗಿ ಉಳಿದಿರುವುದಿಲ್ಲ. ನರವ್ಯವಸ್ಥೆ ಸಣ್ಣ ಸೂಚನೆಗೂ ಕೂಗಿಕೊಳ್ಳುವಷ್ಟು ಸೂಕ್ಷ್ಮವಾಗಿರುತ್ತದೆ. ನೋವಿಗೆ ಹೆದರಿ ಅಲುಗಾಡದೆ ಸ್ನಾಯುಗಳು ಸೋತಿರುತ್ತವೆ. ನಿದ್ದೆ ಹೋಗಿರುತ್ತದೆ, ಪಗಾರ ಹೋಗಿರುತ್ತದೆ, ಮನೆಯಲ್ಲಿ ಮಾತು ಕಡಿಮೆಯಾಗಿರುತ್ತದೆ. ಒಂದನ್ನು ಸರಿಪಡಿಸಹೋದರೆ ಉಳಿದವು ಅದನ್ನು ಮತ್ತೆ ಕೆಳಗೆಳೆಯುತ್ತವೆ.

ಇದನ್ನು ಬೇಗ ಕಂಡವರಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಜಾನ್ ಬೋನಿಕಾ ಒಬ್ಬರು. ಎರಡನೇ ಮಹಾಯುದ್ಧದ ಗಾಯಾಳು ಸೈನಿಕರನ್ನು ನೋಡಿಕೊಂಡ ಅವರು, ಜಟಿಲವಾದ ನೋವು ಒಬ್ಬ ವೈದ್ಯನ ಕೈಗೆ ದಕ್ಕುವುದಿಲ್ಲ ಎಂಬ ತೀರ್ಮಾನಕ್ಕೆ ಬಂದರು. 1953ರಲ್ಲಿ ನೋವಿನ ನಿರ್ವಹಣೆಯ ಬಗ್ಗೆ ದೊಡ್ಡ ಗ್ರಂಥ ಬರೆದರು; ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಲವು ಶಾಸ್ತ್ರಗಳವರು ಕೂಡಿ ಕೆಲಸ ಮಾಡುವ ಕ್ಲಿನಿಕ್ ಕಟ್ಟಿದರು. (ಓದಿನ ಖರ್ಚಿಗೆ ಮುಖವಾಡ ತೊಟ್ಟು ಕುಸ್ತಿಯಾಡಿದ ಬೋನಿಕಾ, ಅದರ ನೋವನ್ನು ಬದುಕಿಡೀ ಹೊತ್ತವರು. ನೋವಿನ ಬಗ್ಗೆ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.)

ಇಂಥ ತಂಡದ ಚಿಕಿತ್ಸೆಯ ಫಲ ಎಷ್ಟು? ಇಲ್ಲಿ ಉಬ್ಬಿಸಿ ಹೇಳುವುದು ಬೇಡ. ಕಾಕ್ರೇನ್ ಎಂಬ ಸಂಶೋಧನಾ ಜಾಲದ 2014ರ ಪರಾಮರ್ಶೆ ದೀರ್ಘಕಾಲದ ಸೊಂಟನೋವಿನ 41 ಪ್ರಯೋಗಗಳನ್ನು, 6,858 ರೋಗಿಗಳನ್ನು ಒಟ್ಟಿಗೆ ತೂಗಿತು. ಮಾಮೂಲಿ ಚಿಕಿತ್ಸೆಗೆ ಹೋಲಿಸಿದರೆ ತಂಡದ ಪುನಶ್ಚೇತನದಿಂದ ಹತ್ತರ ಅಳತೆಯಲ್ಲಿ ನೋವು ಇಳಿದದ್ದು ಸುಮಾರು ಅರ್ಧ ಅಂಕ. ‘ಇಷ್ಟಕ್ಕೇ ಇಷ್ಟೆಲ್ಲ ಜನವೇ?’ ಎಂದು ಆಸ್ಪತ್ರೆಯ ಆಡಳಿತಗಾರರು ಕೇಳುತ್ತಾರೆ, ಕೇಳಲೇಬೇಕು. ಆದರೆ ಅದೇ ಪರಾಮರ್ಶೆಯ ಇನ್ನೊಂದು ಸಾಲನ್ನೂ ಅವರು ಓದಬೇಕು: ಬರೀ ದೈಹಿಕ ಚಿಕಿತ್ಸೆ ಪಡೆದವರಿಗಿಂತ ತಂಡದ ಆರೈಕೆ ಪಡೆದವರು ವರ್ಷದ ನಂತರ ಕೆಲಸದಲ್ಲಿರುವ ಸಾಧ್ಯತೆಯ ಪ್ರಮಾಣ ಹತ್ತಿರ ಹತ್ತಿರ ಎರಡು ಪಟ್ಟು. ನೋವು ಸ್ವಲ್ಪವೇ ಇಳಿದು ಬದುಕು ಬಹಳ ಮರಳುವುದು ವಿಚಿತ್ರವೆನಿಸಿದರೆ, ಇದೇ ಪುಣೆಯಲ್ಲಿ ಬೆಳೆದ ಒಂದು ಪದ್ಧತಿಯನ್ನು ನೋಡಿ. ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಈ ಊರಿಗೆ ಬಂದು, ಕುರ್ಚಿ, ಬೆಲ್ಟು, ಮರದ ಇಟ್ಟಿಗೆಗಳ ಆಸರೆಯಿಂದ ಬಾಗದ ಮೈಗೂ ಆಸನ ಎಟುಕುವಂತೆ ಮಾಡಿದರು. ಆ ಪದ್ಧತಿಯ ಶಿಕ್ಷಕರೂ ಸೇರಿ ರೂಪಿಸಿದ ತರಗತಿಗಳನ್ನು ಬ್ರಿಟನ್ನಿನಲ್ಲಿ 313 ಬೆನ್ನುನೋವಿನ ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2011ರಲ್ಲಿ ಬಂತು. ಯೋಗ ಮಾಡಿದವರ ಓಡಾಟ, ದಿನನಿತ್ಯದ ಕೆಲಸ ಸುಧಾರಿಸಿದವು. ನೋವಿನ ಅಂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅಂಕವೊಂದನ್ನೇ ನೋಡಿದ್ದರೆ ಈ ತರಗತಿಗಳು ಸೋತವು ಎನ್ನಬೇಕಿತ್ತು. ಗುಳಿಗೆ ಇದಕ್ಕಿಂತ ಸುಲಭವಲ್ಲವೆ ಎನ್ನುವವರೂ ಇದ್ದಾರೆ. ಬೆನ್ನು, ಸೊಂಟ, ಮಂಡಿಯ ಹಳೆಯ ನೋವಿನ 240 ಅಮೆರಿಕನ್ ಮಾಜಿ ಸೈನಿಕರಿಗೆ ಒಂದು ವರ್ಷ ಔಷಧ ಕೊಟ್ಟು ನೋಡಿದ 2018ರ ಪ್ರಯೋಗದಲ್ಲಿ, ಅಫೀಮಿನ ವರ್ಗದ ಮಾತ್ರೆಗಳು ಸಾಮಾನ್ಯ ನೋವುನಿವಾರಕಗಳಿಗಿಂತ ಮೇಲೆನಿಸಲಿಲ್ಲ.

ಮುಂದಿನ ಆಕ್ಷೇಪ ರೋಗಿಯದೇ. ತಂಡದಲ್ಲಿ ಮನಶ್ಶಾಸ್ತ್ರಜ್ಞರಿದ್ದಾರೆ ಎಂದ ಕೂಡಲೇ ‘ನನಗೇನು ತಲಿ ಕೆಟ್ಟೈತೇನ್ರಿ?’ ಎನ್ನುತ್ತಾಳೆ. ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕೆ ಕಳಿಸಬೇಕು’ ಎಂದು ಹಂಗಿಸುವ ಹಾಗೆ ಪುಣೆಯಲ್ಲಿ ಈ ಯೆರವಡಾದ ಹೆಸರು ಹೇಳಿಯೇ ಹಂಗಿಸುತ್ತಾರೆ. ಇಲ್ಲಿನ ಮಾನಸಿಕ ಆಸ್ಪತ್ರೆ ಅಷ್ಟು ದೊಡ್ಡದು, ಅಷ್ಟು ಹಳೆಯದು. ಅವಳ ಕೋಪ ನ್ಯಾಯವಾದದ್ದು. ಬೇರೆ ಎಲ್ಲ ಸೋತ ಮೇಲೆ ಕೊನೆಯ ಚೀಟಿಯಾಗಿ ಮನಶ್ಶಾಸ್ತ್ರಜ್ಞರ ಹೆಸರು ಬರೆದುಕೊಟ್ಟರೆ, ಅವಳ ಕಿವಿಗೆ ‘ನಿನ್ನ ನೋವು ಸುಳ್ಳು’ ಎಂದೇ ಕೇಳಿಸುತ್ತದೆ. ಮೊದಲ ದಿನವೇ ಫಿಸಿಯೋಥೆರಪಿಸ್ಟರ ಪಕ್ಕದಲ್ಲಿ ಅವರೂ ಕೂತಿದ್ದು, ನಿದ್ದೆಯ ಬಗ್ಗೆ, ಬಗ್ಗುವ ಹೆದರಿಕೆಯ ಬಗ್ಗೆ ಕೇಳಿದರೆ ಆ ಮಾತಿಗೆ ಬೇರೆಯೇ ಅರ್ಥ ಬರುತ್ತದೆ. ನೋವು ನಿಜ, ಮೈಯಲ್ಲೇ ಇದೆ, ಅದನ್ನು ಹೆಚ್ಚಿಸುವ ಕಡಿಮೆ ಮಾಡುವ ದಾರಿಗಳು ಮಾತ್ರ ಹಲವು ಎಂಬುದನ್ನು ತಂಡದ ಎಲ್ಲರೂ ಒಂದೇ ಮಾತಿನಲ್ಲಿ ಹೇಳಬೇಕು.

ತಂಡದ ಚಿಕಿತ್ಸೆ ಪರದೇಶದ ಶೋಕಿ ಎನ್ನುವವರಿಗೆ ನದಿಯಾಚೆಯ ಖಡಕಿಯನ್ನು ತೋರಿಸಿ. ಗಾಯಾಳು ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಹುಟ್ಟಿದ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಅಲ್ಲಿದೆ. ಬೆನ್ನುಹುರಿಗೆ ಪೆಟ್ಟಾದ ಯೋಧರ ಪುನಶ್ಚೇತನ ಕೇಂದ್ರವೂ ಅಲ್ಲೇ. ಇದೇ ನಗರದಲ್ಲಿ 1944ರಿಂದ ಸೇನೆಯ ಕೃತಕ ಅಂಗ ಕೇಂದ್ರವಿದೆ. ಕಾಲು ಕಳೆದುಕೊಂಡವನಿಗೆ ಇಲ್ಲದ ಕಾಲೇ ನೋಯುವುದುಂಟು; ಶಸ್ತ್ರವೈದ್ಯ, ಕಾಲು ತಯಾರಿಸುವವ, ನಡಿಗೆ ಕಲಿಸುವವ, ಕೆಲಸ ಕಲಿಸುವವ ಕೂಡಿದರೇನೇ ಅವನು ಮನೆಗೆ ಹೋಗಬಲ್ಲ. ಸೇನೆಗೆ ಹಣವೂ ಇದೆ, ಶಿಸ್ತೂ ಇದೆ, ಗಾರೆ ಕೆಲಸದವಳಿಗೆ ಏನಿದೆ ಎಂಬ ಪ್ರಶ್ನೆ ನಾನು ಕೇಳಿದ ಆಕ್ಷೇಪಗಳಲ್ಲೆಲ್ಲ ಗಟ್ಟಿಯಾದದ್ದು. ಅರ್ಧ ಉತ್ತರ ಕಾಕ್ರೇನ್ ಪರಾಮರ್ಶೆಯಲ್ಲೇ ಇದೆ. ಹೆಚ್ಚು ಗಂಟೆಗಳ ಭಾರೀ ಕಾರ್ಯಕ್ರಮಗಳು ಚಿಕ್ಕವುಗಳಿಗಿಂತ ಸ್ಪಷ್ಟವಾಗಿ ಮೇಲೆಂದು ಅದು ಕಾಣಲಿಲ್ಲ. ಹಾಗಾಗಿ ಒಬ್ಬ ವೈದ್ಯೆ, ಒಬ್ಬ ಫಿಸಿಯೋಥೆರಪಿಸ್ಟ್, ವಾರಕ್ಕೊಮ್ಮೆ ಬರುವ ಆಪ್ತಸಮಾಲೋಚಕಿ, ಇಷ್ಟರಿಂದಲೂ ಶುರು ಮಾಡಬಹುದು. ನಗರಪಾಲಿಕೆಯ ಆಸ್ಪತ್ರೆಗೂ ಇದು ನಿಲುಕದ್ದಲ್ಲ. ಉಳಿದರ್ಧ ದುಡ್ಡಿನದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ವಿಮೆ ಆಸ್ಪತ್ರೆಗೆ ದಾಖಲಾದವರ ಖರ್ಚು ಭರಿಸುತ್ತದೆ. ಹೊರರೋಗಿಯಾಗಿ ಬಂದು ಹೋಗುವವಳ ವ್ಯಾಯಾಮಕ್ಕೆ, ಸಮಾಲೋಚನೆಗೆ ಅದರಲ್ಲಿ ಜಾಗವಿಲ್ಲ. ಹೀಗಿರುವಾಗ ಅವಳ ಬೆನ್ನು ಆಪರೇಷನ್ ಮೇಜಿನತ್ತ ಜಾರಿದರೆ ಆಶ್ಚರ್ಯವೇನು?

ತಂಡದ ಯಜಮಾನ ಯಾರು ಎಂಬ ಜಗಳವೂ ಬರುತ್ತದೆ. ನಿಮ್ಮಲ್ಲಿ ಹಲವರ ವೃತ್ತಿಗಳಿಗೆ, ಫಿಸಿಯೋಥೆರಪಿಗೂ ಸೇರಿ, 2021ರ ಕಾಯ್ದೆ ರಾಷ್ಟ್ರೀಯ ಆಯೋಗವೊಂದನ್ನು ಕೊಟ್ಟಿದೆ. ಆ ಮನ್ನಣೆಯನ್ನು ಬೋರ್ಡು ತೂಗುಹಾಕಿ ಒಂಟಿ ಅಂಗಡಿ ತೆರೆಯಲು ಮಾತ್ರ ಬಳಸಿದರೆ, ಆ ಪ್ಲಾಸ್ಟಿಕ್ ಚೀಲಕ್ಕೆ ಐದನೇ ಚೀಟಿ ಸೇರುತ್ತದೆ. ಮೊದಲ ಭೇಟಿಯಲ್ಲೇ ಅವಳನ್ನು ಕೂರಿಸಿಕೊಂಡು, ಇನ್ನು ಆರು ವಾರಕ್ಕೆ ಏನು ಮಾಡಬಲ್ಲವಳಾಗಬೇಕು ಎಂದು ಅವಳನ್ನೇ ಕೇಳಿ. ಎರಡು ಕೊಡ ನೀರು ತರುವುದೋ, ಮಗುವನ್ನು ಎತ್ತಿಕೊಳ್ಳುವುದೋ, ಅರ್ಧ ದಿನದ ಕೆಲಸವೋ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬಗ್ಗಬೇಕೋ ಬೇಡವೋ ಎಂಬುದನ್ನು ಅವಳು ಒಳಗೆ ಬರುವ ಮುಂಚೆ ನಿಮ್ಮನಿಮ್ಮಲ್ಲೇ ತೀರ್ಮಾನಿಸಿಕೊಳ್ಳಿ.